ಎರಡು ಗುರುತಿನ ಪ್ಲಗ್

ಅಂಕಲಿಯ ಚಾದಂಗಡಿಯ ಮುಂದೆ ಹತ್ತು ಜನ ಕೂತಿರುವ ಹೊತ್ತಿಗೇ ಅಣ್ಣಾಸಾಬ ಬಂದ. ಗಾಡಿ ಹತ್ತಿ ಬರಲಿಲ್ಲ, ದೂಡಿಕೊಂಡು ಬಂದ. ರಾಜದೂತ ಮೋಟರ್‌ಸೈಕಲ್ಲಿನ ಎರಡೂ ಬದಿಗೆ ಹಾಲಿನ ಕ್ಯಾನುಗಳು ತೂಗಾಡುತ್ತಿದ್ದವು.

“ಏ ಮಾಳ್ಯಾ, ಹೊರಗ ಬಾರಲೇ! ಹೊಸಾ ಪ್ಲಗ್ ಅಂತ ಹಾಕಿ ಕಳಿಸಿದಿ. ಇವತ್ತಿಗೆ ನಾಕ ದಿನಾ. ನಡುದಾರ್ಯಾಗ ಸತ್ತ ನಿಂತೈತಿ. ಹಾಲ ಎಲ್ಲಾ ಒಡದಾವ. ನಿನ್ನ ತಲೀ ಮ್ಯಾಲ ಸುರೀಲ್ಯಾ ಇವನ್ನ?”

“ಕುರಿ ಕಾಯಾಂವ ಪಾನಾ ಹಿಡದ್ರ ಮತ್ತೇನ ಅಕ್ಕೈತಿ?” ಬಸಿಯಲ್ಲಿ ಚಾ ಊದುತ್ತಿದ್ದವನೊಬ್ಬ ಅಂದ. ಎಲ್ಲರೂ ನಕ್ಕರು.

ಅದು ಎಂಬತ್ತೆಂಟರ ಬೇಸಿಗೆ. ಮಾಳಸಿದ್ದ ತನ್ನ ತಗಡಿನ ರಿಪೇರಿ ಶೆಡ್ಡಿನಿಂದ, ನಟ್ಟು ಬಿಚ್ಚುವ ಪಾನಾ ಹಿಡಿದೇ ಹೊರಬಂದ. ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಪ್ಲಗ್ ಬಿಚ್ಚತೊಡಗಿದ.

ಅವನು ಓದಿದ್ದು ನಾಲ್ಕನೇ ಇಯತ್ತೆ. ಅಪ್ಪ ಮಲಕಾರಿಯ ಕುರಿಗಳ ಹಿಂದೆ ತೆಲಸಂಗದ ಬಯಲು ತಿರುಗಿ, ಆಮೇಲೆ ನಿಪ್ಪಾಣಿಯ ಗ್ಯಾರೇಜೊಂದರಲ್ಲಿ ಬೈಗುಳ ತಿಂದು ಕೆಲಸ ಕಲಿತವನು. ಆದರೆ ಪ್ಲಗ್ಗಿನ ಮೂತಿ ನೋಡಿ ಗಾಡಿಯ ಜಾತಕ ಹೇಳುತ್ತಿದ್ದ. ಹುರಿದ ಶೇಂಗಾದ ಸಿಪ್ಪೆಯ ಬಣ್ಣವಿದ್ದರೆ ಇಂಜಿನ್ನು ಸುಖವಾಗಿದೆ. ಕರ್ರಗೆ ಒದ್ದೆಯಾಗಿದ್ದರೆ ಪೆಟ್ರೋಲಿಗೆ ಎಣ್ಣೆ ಹೆಚ್ಚು ಸುರಿದಿದ್ದಾರೆ. ಬೆಳ್ಳಗೆ ಸುಟ್ಟಿದ್ದರೆ ಒಳಗಿನ ಬಿಸಿ ಮೀರಿದೆ. ತುದಿಯ ಸಂದು ಅಳೆಯಲು ಅವನ ಹತ್ತಿರ ಇದ್ದದ್ದು ಹ್ಯಾಕ್ಸಾ ಬ್ಲೇಡಿನ ಒಂದು ತುಂಡು. ಥ್ರೆಡ್ಡು ಉದ್ದವಿದ್ದ ಪ್ಲಗ್ ತಂದು “ತುಟ್ಟಿ ಮಾಲ ಐತಿ, ಇದನ್ನ ಹಾಕು” ಅಂದವರಿಗೆ, “ಪಿಸ್ಟನ್ ತಲೀಗೆ ಗುದ್ದತೈತ್ರಿ, ನಾ ಹಾಕಾಂವಲ್ಲ” ಎಂದು ಅಲ್ಲೇ ವಾಪಸು ಕೊಡುತ್ತಿದ್ದ.

ಅವನಿಗೆ ಇನ್ನೊಂದು ಚಾಳಿಯಿತ್ತು. ಮಲಕಾರಿ ತನ್ನ ಪ್ರತಿ ಕುರಿಯ ಎಡಗಿವಿಗೆ ಒಂದು ನೆಟ್ಟಗಿನ ಕಚ್ಚು, ಒಂದು ಓರೆ ಕಚ್ಚು ಹಾಕುತ್ತಿದ್ದ. ಯಾರ ಹಿಂಡಿನಲ್ಲಿ ಬೆರೆತರೂ ತಮ್ಮ ಕುರಿ ತಮಗೆ ಗೊತ್ತಾಗಲಿ ಎಂದು. ಮಗ ಅದನ್ನೇ ಪ್ಲಗ್ಗಿಗೆ ತಂದಿದ್ದ. ಗಾಡಿಗೆ ಹಾಕುವ ಪ್ರತಿ ಹೊಸ ಪ್ಲಗ್ಗಿನ ಆರು ಮೂಲೆಯ ಕಬ್ಬಿಣಕ್ಕೆ ಅರದಿಂದ ತಿಕ್ಕಿ ಒಂದು ನೆಟ್ಟಗಿನ ಕಚ್ಚು, ಒಂದು ಓರೆ ಕಚ್ಚು. ನಾನು ಹಾಕಿದ್ದು, ಕೆಟ್ಟರೆ ನನ್ನ ಹೊಣೆ ಎಂದು. ಅವನಿಗೆ ಊರಿನಲ್ಲಿ ಹೊಲವಿರಲಿಲ್ಲ, ಬಳಗವಿರಲಿಲ್ಲ. ಮಾಳಸಿದ್ದ ಹಾಕಿದ್ದು ಖರೆ ಮಾಲು ಎನ್ನುವ ಹೆಸರೊಂದಿತ್ತು. ಅದನ್ನೇ ಈಗ ಅಣ್ಣಾಸಾಬ ಬೀದಿಗೆ ತಂದು ನಿಲ್ಲಿಸಿದ್ದ.

ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ನಿನ ಮೇಲೆ ಮಲಗಿಸಿ ಕಿಕ್ ಹೊಡೆದ. ನೀಲಿ ಕಿಡಿ ಚಟ್ ಎನ್ನಬೇಕಿತ್ತು. ಹಳದಿ ಕಿಡಿಯೊಂದು ಮಿಣಕ್ ಎಂದು ಸತ್ತಿತು. ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ನಾಲ್ಕು ದಿನದ ಹಿಂದೆ ತಾನು ಹಾಕಿದ ಗುರುತು ಅಲ್ಲೇ ಇತ್ತು. ಎದುರು ಮೂಲೆಯಲ್ಲಿ ಇನ್ನೊಂದು ಗುರುತಿತ್ತು. ಅದೂ ಅವನದೇ.

ಒಂದೇ ಕುರಿಗೆ ಎರಡು ಸಲ ಕಿವಿ ಕಚ್ಚುವವರುಂಟೇ? ಹೊಸ ಗುರುತಿನೊಳಗೆ ಬರೀ ಕಬ್ಬಿಣ ಕಾಣುತ್ತಿತ್ತು. ಹಳೆಯದರೊಳಗೆ ನಿಕಲ್ ಹೊಳಪು ತುಂಬಿಕೊಂಡಿತ್ತು. ಎಂದೋ ಕೆಟ್ಟಿತೆಂದು ಬಿಚ್ಚಿ ಮೋಡಕಾ ಗುಜರಿ ಸಾಮಾನು ಕೊಳ್ಳುವ ಲಗಮಣ್ಣನ ಚೀಲಕ್ಕೆ ಎಸೆದ ಪ್ಲಗ್ಗು, ತಿಕ್ಕಿಸಿಕೊಂಡು, ನಿಕಲ್ ಹಚ್ಚಿಸಿಕೊಂಡು, ಸೀಲು ಹಾಕಿದ ಹೊಸ ಡಬ್ಬಿಯಲ್ಲಿ ಕೂತು ತನ್ನ ಕೈಗೇ ಮರಳಿ ಬಂದಿದೆ. ಹೊಸದನ್ನು ಯಾರು ತಿರುಗಿಸಿ ನೋಡುತ್ತಾರೆ? ಅವನೂ ನೋಡಿರಲಿಲ್ಲ.

“ಇದು ಹಳೇದೈತಿ,” ಎಂದ. ಮುಚ್ಚಿಡಲಿಲ್ಲ. “ನಂದ ಹಳೇ ಗುರುತೂ ಐತಿ ಇದರಾಗ, ನೋಡು.”

“ಕೇಳಿದ್ರ್ಯಾ? ಅವನ ಬಾಯಿಲೆ ಅವನ ಹೇಳಾಕತ್ತಾನ!” ಅಣ್ಣಾಸಾಬ ಕ್ಯಾನಿಗೆ ಗುದ್ದಿದ. “ನಿಂದ ಗುರುತು, ನಿಂದ ಹಳೇ ಪ್ಲಗ್. ತಿಕ್ಕಿ ಹೊಸಾದ ಮಾಡಿ ನನ್ನ ಗಾಡಿಗೆ ಬಡದಿ.”

“ನಿಕಲ್ ಹಚ್ಚೋ ತೊಟ್ಟಿ ನನ್ನ ಶೆಡ್ಡಿನ್ಯಾಗ ಎಲ್ಲೈತಿ? ಒಳಗ ಹೋಗಿ ಹುಡುಕು.”

ಯಾರೂ ಹುಡುಕಲಿಲ್ಲ. ಹುಡುಕುವ ಶ್ರಮ ಯಾಕೆ? ನಮ್ಮಲ್ಲಿ ಮೋಸ ನಡೆದರೆ ಮೊದಲು ಹಿಡಿಯುವುದು ಕೈ ಕಪ್ಪಾದವನನ್ನು. ಬಿಳಿ ಧೋತರ ಉಟ್ಟು ಡಬ್ಬಿ ಮಾರಿದವನ ಹೆಸರು ಅಲ್ಲಿದ್ದ ಹತ್ತು ಬಾಯಿಗಳಲ್ಲಿ ಒಂದಕ್ಕೂ ಬರಲಿಲ್ಲ. ಆ ಡಬ್ಬಿ ಬಂದದ್ದು ಚಿಕ್ಕೋಡಿಯ ವಿರುಪಾಕ್ಷಪ್ಪನ ಬಿಡಿಭಾಗದ ಅಂಗಡಿಯಿಂದ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಮಾಳಸಿದ್ದ ತನ್ನ ಜಾವಾ ಗಾಡಿಯ ಪ್ಲಗ್ ಬಿಚ್ಚಿ ಅಣ್ಣಾಸಾಬನ ಗಾಡಿಗೆ ಹಾಕಿದ. ಮೊದಲು ಬೆರಳಿನಿಂದ ತಿರುಗಿಸಿ ಕೂರಿಸಿ, ಕಡೆಯ ಬಿಗಿಗೆ ಮಾತ್ರ ಪಾನಾ ಕೊಟ್ಟ. ಅಷ್ಟು ಸಿಟ್ಟಿನಲ್ಲೂ ಆ ಪದ್ಧತಿ ತಪ್ಪಲಿಲ್ಲ.

“ಕ್ಯಾನ ಇಳಸು. ನಡಿ ಚಿಕ್ಕೋಡಿಗೆ. ನಾ ಕಳ್ಳ ಆದ್ರ ಸಂಜಿಗೆ ಶೆಡ್ಡ ಕಿತ್ತಕೊಂಡ ಹೋಗತೀನಿ.”

ಚಿಕ್ಕೋಡಿಯ ಅಂಗಡಿಯಲ್ಲಿ ವಿರುಪಾಕ್ಷಪ್ಪ ಗಾದಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. “ಬಾ ತಮ್ಮಾ ಮಾಳಸಿದ್ದಾ. ಏನ್ ಕೊಡ್ಲಿ?”

“ರಾಜದೂತದ ಪ್ಲಗ್ಗಿನ ಡಬ್ಬಿ ಎಷ್ಟ ಅದಾವ ಅಷ್ಟೂ ಮುಂದ ಇಡ್ರಿ ಸಾವಕಾರ್ರ. ಸೀಲ್ ಅಣ್ಣಾಸಾಬ ಒಡೀತಾನ. ನಾ ಮುಟ್ಟಂಗಿಲ್ಲ.”

“ಸೀಲ್ ಒಡದ್ರ ಮಾಲ ವಾಪಸ್ ತಗೊಳ್ಳಂಗಿಲ್ಲ ನೋಡಪಾ.”

“ತಗೋಬ್ಯಾಡ್ರಿ.”

ಮೊದಲನೆಯದು ಖರೆ ಹೊಸದು. ಎರಡನೆಯದೂ ಹೊಸದು. ಅಣ್ಣಾಸಾಬ ಮಾಳಸಿದ್ದನ ಮುಖ ನೋಡಿದ. ಆ ನೋಟದಲ್ಲಿ ಶೆಡ್ಡು ಆಗಲೇ ಅರ್ಧ ಕಿತ್ತುಹೋಗಿತ್ತು. ಮೂರನೆಯದರ ಥ್ರೆಡ್ಡಿನ ಬುಡದಲ್ಲಿ ಹಳೆಯ ಮಸಿ. ಐದನೆಯದನ್ನು ಅಣ್ಣಾಸಾಬ ಬಾಗಿಲ ಬೆಳಕಿಗೆ ಒಯ್ದು ತಿರುಗಿಸಿ ನೋಡಿದ. ಹೊಳೆಯುವ ಮೂಲೆಯಲ್ಲಿ ಒಂದು ನೆಟ್ಟಗಿನ ಕಚ್ಚು, ಒಂದು ಓರೆ ಕಚ್ಚು. ಒಳಗೆಲ್ಲ ನಿಕಲ್.

“ಸಾವಕಾರ್ರ,” ಎಂದ ಅಣ್ಣಾಸಾಬ, ದನಿ ಇಳಿದಿತ್ತು. “ನಿಮ್ಮ ಸೀಲು ನಾ ಒಡದೇನ್ರಿ. ಇವನ ಗುರುತು ಒಳಗ ಹೆಂಗ ಬಂತು?”

ವಿರುಪಾಕ್ಷಪ್ಪ ಎಲೆ ಕೆಳಗಿಟ್ಟ. ಎದ್ದು ಬಂದು ಮಾಳಸಿದ್ದನ ಹೆಗಲ ಮೇಲೆ ಕೈಯಿಟ್ಟ. “ದನಿ ಸಣ್ಣ ಮಾಡ್ರಿ. ತಮ್ಮಾ, ನೀ ಬರೋದ ಗೊತ್ತಿದ್ರ ಒಳಗಿನ ಕಪಾಟಿನ ಮಾಲ ಕೊಡತಿದ್ದೆ. ಇನ್ನ ಮುಂದ ನಿನಗ ಅಲ್ಲಿಂದ ಖರೇ ಮಾಲ. ಮುಗೀತಿಲ್ಲೋ?”

“ಉಳದವರಿಗೆ?”

“ಉಳದವರ ಚಿಂತಿ ನಿನಗ್ಯಾಕೋ?”

ಹೆಗಲ ಮೇಲಿನ ಕೈಯನ್ನು ಮಾಳಸಿದ್ದ ಎತ್ತಿ ಪಕ್ಕಕ್ಕೆ ಇಟ್ಟ. ಸಾವಕಾರನ ಬಿಳಿ ಅಂಗಿಯ ತೋಳಿನ ಮೇಲೆ ನಾಲ್ಕು ಬೆರಳಿನ ಎಣ್ಣೆ ಮಸಿ ಮೂಡಿತು. “ಗಾಡಿ ಹತ್ತಿಸಿ ಬಾಣಂತೀನ ದವಾಖಾನಿಗೆ ಒಯ್ಯಾಂವನೂ ಇದ ಪ್ಲಗ್ ಹಾಕಿಸಿರ್ತಾನ್ರಿ. ನಡುದಾರ್ಯಾಗ ನಿಂತ್ರ ಅವರ ಬೈಯೋದ ನಿಮಗಲ್ಲ, ನನಗ.”

“ಹಂಗಾರ ಕೇಳು,” ವಿರುಪಾಕ್ಷಪ್ಪನ ಮಾತಿನ ಬೆಲ್ಲ ಕರಗಿತ್ತು. “ರಾಯಬಾಗ, ಅಥಣಿ, ಕಾಗವಾಡ, ಎಲ್ಲಾ ಅಂಗಡಿಗೆ ಮಾಲ ಹೋಗೂದ ನನ್ನಿಂದ. ನಿನಗ ಒಂದ ವಾಶರ್ ಸಿಗದಂಗ ಮಾಡತೀನಿ.”

“ಮಾಡ್ರಿ. ನಿಪ್ಪಾಣಿ ಬಸ್ ನೀವ ನಿಂದರಸಾಂಗಿಲ್ಲಲ್ಲ?”

ಸಾವಕಾರ ಹೇಳಿದ್ದನ್ನು ಮಾಡಿದ; ಇವನೂ ಹೇಳಿದ್ದನ್ನು ಮಾಡಿದ. ಮುಂದಿನ ಆರು ವರ್ಷ ಮಾಳಸಿದ್ದ ವಾರಕ್ಕೊಮ್ಮೆ ಶೆಡ್ಡಿಗೆ ಬೀಗ ಹಾಕಿ, ನಿಪ್ಪಾಣಿಗೆ ನಿಂತುಕೊಂಡೇ ಬಸ್ಸಿನಲ್ಲಿ ಹೋಗಿ, ಒಂದೊಂದೇ ಡಬ್ಬಿ ಒಡೆದು ನೋಡಿ ಮಾಲು ತಂದ.

ಆದರೆ ಅವತ್ತಿನ ಲೆಕ್ಕ ಅವತ್ತೇ ಮುಗಿಯಬೇಕಿತ್ತು. ಅಂಕಲಿಗೆ ಮರಳಿದಾಗ ಚಾದಂಗಡಿಯ ಮುಂದೆ ಬೆಳಗಿನ ಜನವೇ ಇತ್ತು. ಲಗಮಣ್ಣನೂ ಚೀಲ ಹಿಡಿದು ಬಂದಿದ್ದ.

“ಈ ಹಳೇ ಪ್ಲಗ್ ನೀ ಎಲ್ಲಿ ಕೊಡತಿ?” ಮಾಳಸಿದ್ದ ಕೇಳಿದ.

“ನನಗೇನ ಗೊತ್ತೋ ಯಪ್ಪಾ? ಚಿಕ್ಕೋಡ್ಯಾಗ ತಗೋತಾರ. ಬಿಳೇ ಪಿಂಗಾಣಿ ಒಡದಿರಬಾರದು ಅಂತಾರ. ಒಡದದ್ದ ಯಾರೂ ಮುಟ್ಟಂಗಿಲ್ಲ.”

ಮಾಳಸಿದ್ದ ಒಳಗಿಂದ ಸುತ್ತಿಗೆ ತಂದ. ಎರಡು ಗುರುತಿನ ಪ್ಲಗ್ಗನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯನ್ನು ಅಣ್ಣಾಸಾಬನ ಕೈಗೆ ಕೊಟ್ಟ.

“ಎಲ್ಲಾರ ಮುಂದ ಬೈದಿ. ಎಲ್ಲಾರ ಮುಂದ ಹೊಡಿ.”

ಅಣ್ಣಾಸಾಬ ಒಮ್ಮೆ ಜನರನ್ನು ನೋಡಿದ, ಒಮ್ಮೆ ಕಲ್ಲನ್ನು. ಬಾಗಿ ಹೊಡೆದ. ಪಿಂಗಾಣಿ ಸಿಡಿದು ಚೂರು ಚಾದಂಗಡಿಯ ಮುಂದೆ ಜನ ಕೂತಿದ್ದ ಬಾಕಿನವರೆಗೆ ಹೋಯಿತು. ಬೆಳಿಗ್ಗೆ ಬಸಿಯಲ್ಲಿ ಚಾ ಊದುತ್ತಿದ್ದವನು ಕಾಲು ಹಿಂದಕ್ಕೆಳೆದುಕೊಂಡ.

ಅಂದಿನಿಂದ ಆ ಶೆಡ್ಡಿನಲ್ಲಿ ಹೊಸ ಪ್ಲಗ್ ಹಾಕಿಸಿಕೊಂಡವರು ಹಳೆಯದನ್ನು ತಮ್ಮ ಕೈಯಿಂದಲೇ ಒಡೆದು ಹೋಗಬೇಕಾಯಿತು. ಅವಸರದಲ್ಲಿದ್ದವರಿಗೂ ಬಿಡುಗಡೆ ಇರಲಿಲ್ಲ. ಮಾಳಸಿದ್ದ ಗಾಡಿಯ ಕೀಲಿ ತನ್ನ ಕಿಸೆಯಲ್ಲಿಟ್ಟುಕೊಂಡು ಸುತ್ತಿಗೆ ಮುಂದೆ ಚಾಚುತ್ತಿದ್ದ: “ಮೊದಲ ಹೊಡೀರಿ.”