ಮಿಸುಕಾಡದ ಇಪ್ಪತ್ತು ನಿಮಿಷ

ಇವತ್ತು ಬೆಳಿಗ್ಗೆ ಸ್ಕ್ಯಾನ್ ಕೋಣೆಯ ಚಳಿಗೆ ಮಗಳ ಮೇಲೆ ಮುತ್ಯಾನ, ಅಂದರೆ ನನ್ನ ಅಜ್ಜನ, ಹಳೆಯ ಕಂಬಳಿ ಹೊದಿಸಿದೆ. ಕುರಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಆ ವಾಸನೆಗೆ ಬೇರೆಯವರಿಗೆ ಹಟ್ಟಿ ನೆನಪಾದೀತು. ನನಗೆ ನೆನಪಾಗುವುದು ಆಸ್ಪತ್ರೆ. ನಗಬೇಡಿ, ಪೂರ್ತಿ ಕೇಳಿ.

ಹುನ್ನೂರಿನಲ್ಲಿ ಎರಡನೇ ಇಯತ್ತೆಯಲ್ಲಿದ್ದಾಗ ನನಗೆ ಬಿಟ್ಟೂ ಬಿಟ್ಟೂ ಜ್ವರ. ಎಡಗಡೆಯ ಕಿಡ್ನಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಫೋಟೋ ತೆಗೆಸಿ ನೋಡಬೇಕು, ಸತ್ತಿದ್ದರೆ ತೆಗೆಯಬೇಕು ಎಂದರು ಜಮಖಂಡಿಯ ಡಾಕ್ಟರು. ಕುರಿ ಕಾಯುತ್ತಿದ್ದ ಮುತ್ಯಾ ನನ್ನನ್ನು ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ವಿಕಿರಣ ಸೂಸುವ ಔಷಧಿ ಚುಚ್ಚಿ, ಅದು ಕಿಡ್ನಿ ಸೇರಲೆಂದು ಎರಡು ತಾಸು ಕೂರಿಸಿ, ಆಮೇಲೆ ಕ್ಯಾಮೆರಾದ ಕೆಳಗೆ ಮಲಗಿಸಿದರು.

"ಇಪ್ಪತ್ತ ನಿಮಿಷ ಮಿಸುಕಾಡಬಾರದ್ರಿ, ಫೋಟೋ ಕೆಡತೈತಿ," ಎಂದಳು ಮಷಿನ್ ನಡೆಸುವಾಕೆ. ನಾನೋ, ನಿದ್ದೆಯಲ್ಲೂ ಸುಮ್ಮನಿದ್ದವಳಲ್ಲ.

"ಎಂಥೆಂಥಾ ಟಗರ ಮಲಗಿಸೀನ್ರಿ, ಈಕಿ ಏನ್ ದೊಡ್ಡಾಕಿ?" ಮುತ್ಯಾ ಸೊಂಟದ ಚೀಲದಿಂದ ಕುರಿ ಕಾಯುವವರ ದೇವರು ಬೀರಪ್ಪನ ಭಂಡಾರ ತೆಗೆದ. "ಮಷಿನ್ನಿಗೆ ಹಣಿ ಯಾ ಕಡೆ ಐತ್ರಿ?"

ಆಕೆ ತಬ್ಬಿಬ್ಬಾಗಿ ಒಂದು ಮೂಲೆ ತೋರಿಸಿದಳು. ಮುತ್ಯಾ ಅಲ್ಲಿಗೆ ಅರಿಶಿನ ಹಚ್ಚಿ, ನಂತರ ಉಣ್ಣೆ ಕತ್ತರಿಸುವಾಗ ಕುರಿಗೆ ಮಾಡುವುದನ್ನೇ ನನಗೂ ಮಾಡಿದ. ಕಣ್ಣ ಮೇಲೆ ಅಂಗೈ, ಗಂಟಲಲ್ಲಿ "ಹುರ್ರ್" ಎಂಬ ಸದ್ದು. ಮಾನ ಮರ್ಯಾದೆ ಬಿಟ್ಟು ನಾನು ಕುರಿಯ ಹಾಗೇ ಮಲಗಿಬಿಟ್ಟೆ.

"ಮುತ್ಯಾ, ನಿನ್ನ ಕೈ ನಡಗಾಕತ್ತೈತಿ."

"ನಂದಲ್ಲಬೇ, ಮಷಿನ್ ನಡಗಾಕತ್ತೈತಿ. ಸುಮ್ನ ಮಕ್ಕೊ."

ನಂಬಿದೆ. ಮಷಿನ್ ಎಂದಮೇಲೆ ನಡುಗದೆ ಇರುತ್ತದೆಯೇ?

ಹೊರಡುವಾಗ ಆಕೆ, "ನೀರ ಭಾಳ ಕುಡಸ್ರಿ. ಇವತ್ತೊಂದಿನ ಬಸುರಿ ಹೆಂಗಸರ ಹತ್ರ ಕುಂದರಸಬ್ಯಾಡ್ರಿ," ಎಂದಳು.

"ಗಬ್ಬದ ಕುರಿ ನಡೀತಾವೇನ್ರಿ?"

ಆಕೆ ಮೇಜಿನ ಮೇಲಿದ್ದ ಪುಸ್ತಕದ ಹಾಳೆ ತಿರುವಿ ನೋಡಿದಳು. "ನಮ್ಮ ಪುಸ್ತಕದಾಗ ಕುರಿ ಇಲ್ರಿ ಅಜ್ಜಾರ."

ಇಲ್ಲವೆಂದರೆ ಮುತ್ಯಾ ಬಿಟ್ಟಾನೆಯೇ? ಊರಿಗೆ ಬಂದವನೇ ಗಬ್ಬದ ಕುರಿಗಳನ್ನೆಲ್ಲ ಹಳ್ಳದ ಆಚೆ ಹೊಡೆದ. "ಯಾಕೋ, ಹೊತ್ತಲ್ಲದ ಹೊತ್ತಿನ್ಯಾಗ ಕುರಿ ಹೊಡ್ಕೊಂಡ ಹೊಂಟಿ?" ಎಂದು ದಾರಿಯಲ್ಲಿ ಯಾರೋ ಕೇಳಿದರೆ, "ಮೊಮ್ಮಗಳ ಬಂದಾಳ," ಎಂದನಂತೆ, ಅಷ್ಟೇ. ನಾನು ಕಟ್ಟೆಯ ಮೇಲೆ ಕೂತು ತಂಬಿಗೆಗಟ್ಟಲೆ ನೀರು ಕುಡಿಯುತ್ತಾ ಅವುಗಳಿಗೆ ಕೈ ಬೀಸಿದೆ. ನನ್ನತ್ತ ನೋಡಿದ ಒಂದು ಕುರಿಯ ಮುಖವನ್ನೂ ಮುತ್ಯಾ ಆಚೆ ತಿರುಗಿಸಿದ.

ವಾರದ ಮೇಲೆ ಫೋಟೋ ಬಂತು. ಮುತ್ಯಾ ಅದನ್ನು ಬಿಸಿಲಿಗೆ ಹಿಡಿದು ನೋಡಿದ. "ಎಡಗಡೇದು ಸಣ್ಣದೈತಿ. ಆದ್ರ ಮೇಯಾಕತ್ತೈತಿ." ಡಾಕ್ಟರೂ ತಮ್ಮ ಭಾಷೆಯಲ್ಲಿ ಅದನ್ನೇ ಹೇಳಿದರು. ಆ ಕಿಡ್ನಿ ಇವತ್ತಿಗೂ ನನ್ನ ಹೊಟ್ಟೆಯಲ್ಲೇ ಇದೆ. ಮುತ್ಯಾ ಇಲ್ಲ.

ಈಗ ಅದೇ ಜ್ವರ ಮಗಳಿಗೆ, ಅದೇ ಪರೀಕ್ಷೆ. ಅವಳ ಕಣ್ಣ ಮೇಲೆ ಅಂಗೈ ಇಟ್ಟು ನಾನೂ ಗಂಟಲಲ್ಲಿ ಸದ್ದು ಮಾಡಿದೆ. ನನ್ನದು ಕುಕ್ಕರ್ ಕೂಗಿದ ಹಾಗೆ ಬಂತು. ಮಷಿನ್ ನಡೆಸುವ ಹುಡುಗ ಗೋಡೆಗೆ ಮುಖ ಮಾಡಿ ನಕ್ಕ. ಆದರೂ ಮಗಳು ಮಿಸುಕಲಿಲ್ಲ.

ಸ್ವಲ್ಪ ಹೊತ್ತಿಗೆ ಕಂಬಳಿಯೊಳಗಿಂದ ದನಿ ಬಂತು. "ಅವ್ವಾ, ನಿನ್ನ ಕೈ ಯಾಕ ನಡಗಾಕತ್ತೈತಿ?"

ಮುತ್ಯಾ ಅವತ್ತು ಎಷ್ಟು ಹೆದರಿದ್ದನೆಂದು ಇಷ್ಟು ವರ್ಷಕ್ಕೆ ನನಗೆ ತಿಳಿಯಿತು.

"ನಂದಲ್ಲಬೇ," ಎಂದೆ. "ಮಷಿನ್ ನಡಗಾಕತ್ತೈತಿ."