ಮರಳು ತುಂಬಿದ ಚೆಂಡು

ಗರ್ಭಕೋಶದ ಆಪರೇಷನ್ ಆಗಿ ಮೂರು ತಿಂಗಳಾದರೂ ಹಾಸಿಗೆಯಿಂದ ಏಳಬೇಕೆಂದರೆ ಮೊದಲು ಮಗ್ಗುಲಿಗೆ ಹೊರಳಿ, ಮಂಚದ ಅಂಚು ಹಿಡಿಯಬೇಕಾಗುತ್ತಿತ್ತು. ಹೊಟ್ಟೆಯ ಜಾಗದಲ್ಲಿ ಒದ್ದೆ ಬಟ್ಟೆ ಕಟ್ಟಿಕೊಂಡಂತೆ ಅನಿಸುತ್ತಿತ್ತು. ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಬೀದರಿನ ನಮ್ಮ ಓಣಿಗೆ ವಾರಕ್ಕೆರಡು ಸಲ ಟ್ಯಾಂಕರ್ ಬರುತ್ತಿತ್ತು. ಕೊಡ ಎತ್ತಲಾಗದವರಿಗೆ ನೆರೆಯವರು ತಂದುಕೊಟ್ಟಷ್ಟೇ ನೀರು.

ಗಂಡ ಕೆಲಸಕ್ಕೆಂದು ಪುಣೆಗೆ ಹೋಗಿದ್ದರು. ಫೋನಿನಲ್ಲಿ ಹೇಳಿದರು: "ಯುಗಾದಿಗೆ ಬರ್ತೇನಿ. ಅಷ್ಟ್ರಾಗ ನಿನಗ ಕೊಡ ಎತ್ತಲಿಕ್ಕೆ ಬರಲಿಲ್ಲಂದ್ರ ಮನಿ ಖಾಲಿ ಮಾಡಿ ಭಾಲ್ಕಿಗೆ ನಡಿ. ನಮ್ಮಣ್ಣನ ಮನ್ಯಾಗ ಮಂದಿ ಇದ್ದಾರ."

ಭಾಲ್ಕಿಯಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಅಲ್ಲಿ ನಾನು ಮೂಲೆಯ ಖುರ್ಚಿಯಲ್ಲಿ ಕುಳಿತು, ಅವರು ಕೊಟ್ಟಾಗ ಚಹಾ ಕುಡಿಯುವವಳಾಗುತ್ತಿದ್ದೆ. ಇಲ್ಲಿ ಎರಡೇ ಕೋಣೆಯಾದರೂ ಒಲೆ ನನ್ನದು.

ವ್ಯಾಯಾಮ ಕಲಿಸುವ ಡಾಕ್ಟರಮ್ಮ ಎರಡು ಕಿಲೋ ತೂಕದ ಚೆಂಡು ಬೇಕೆಂದರು. ನಾನು ಓದಿದ ಕಾನ್ವೆಂಟಿನಲ್ಲಿ ಆಟದ ಪಿರಿಯಡ್‌ನಲ್ಲಿ ಅಂಥದೊಂದು ಚರ್ಮದ ಚೆಂಡನ್ನು ಸಾಲಾಗಿ ನಿಂತು ತಲೆಯ ಮೇಲಿಂದ ಹಿಂದಿನವಳಿಗೆ ದಾಟಿಸುತ್ತಿದ್ದೆವು. ಈಗ ಹಳೆಯ ಪ್ಯಾಂಟಿನ ಬಟ್ಟೆಯಿಂದ ನಾನೇ ಒಂದು ಹೊಲಿದೆ. ತುಂಬಲು ಮನೆಯಲ್ಲಿ ಕೈಗೆ ಸಿಕ್ಕಿದ್ದು ಜೋಳ.

ಎದುರಿನ ಬಾಡಿಗೆ ಕೋಣೆಯಲ್ಲಿ ಎಕಂಬಾ ಹಳ್ಳಿಯಿಂದ ಬಂದ ಒಬ್ಬ ಹೆಂಗಸಿದ್ದಳು. ಅವಳ ಗಂಡ ಗಾಂಧಿ ಗಂಜಿನ ಧಾನ್ಯದ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲ. ಬೆನ್ನಿಗೆ ಬೆನ್ನು ಕೊಟ್ಟು ಕುಳಿತು ಚೆಂಡನ್ನು ಪಕ್ಕದಿಂದ ಪಕ್ಕಕ್ಕೆ ದಾಟಿಸುವ ವ್ಯಾಯಾಮಕ್ಕೆ ಇನ್ನೊಬ್ಬರು ಬೇಕಿತ್ತು; ಅವಳನ್ನು ಕರೆದೆ. ಚೆಂಡನ್ನು ಬೆರಳಿನಿಂದ ಒತ್ತಿ ನೋಡಿ ಕೆಳಗಿಟ್ಟಳು.

"ಅಕ್ಕಾ, ಇದ್ರಾಗ ಜ್ವಾಳ ಅದಾವೇನ್ರಿ?"

"ಹೌದು. ತೂಕ ಬೇಕಿತ್ತಲ್ಲ."

"ಇಂಥಾ ವರ್ಷದಾಗ ಜ್ವಾಳ ಆಟಕ್ಕ ಹಚ್ಚೀರಿ? ನಾ ಕೈ ಹಚ್ಚಂಗಿಲ್ರಿ."

ಅವಳೆದುರೇ ಹೊಲಿಗೆ ಬಿಚ್ಚಿದೆ. ನೆಲಕ್ಕೆ ಚೆಲ್ಲಿದ ಕಾಳುಗಳನ್ನು ಅವಳು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದಳು. ಆಮೇಲೆ ಓಣಿಯ ತುದಿಯಲ್ಲಿ ಅರ್ಧಕ್ಕೆ ನಿಂತ ಮನೆಯ ಮುಂದಿನಿಂದ ಸೆರಗಿನಲ್ಲಿ ಮರಳು ತಂದವಳೂ ಅವಳೇ. ಆ ಜೋಳದ ರೊಟ್ಟಿ ಮಾಡಿ ಅವಳ ಮನೆಗೂ ಕೊಟ್ಟೆ.

ದಿನಾ ಬೆಳಿಗ್ಗೆ ಕುಳಿತೆವು. ಸೊಂಟದಿಂದ ತಿರುಗಬೇಕು, ಉಸಿರು ಬಿಡುತ್ತಾ ಹೊಕ್ಕುಳನ್ನು ಒಳಗೆಳೆಯಬೇಕು. ಅವಳ ಬೆನ್ನು ಹಲಗೆಯಷ್ಟು ಗಟ್ಟಿ.

"ಸಾವಕಾಶ ಕೊಡ್ರಿ. ನನ್ನ ಕೈಯಾನ ಬಳಿ ಒಡದ್ರ ಹೊಸಾವು ತರಬೇಕಾಗ್ತದ ನೋಡ್ರಿ."

"ತರ್ತೇನಿ, ಮೊದ್ಲು ನೀ ಸರಿಯಾಗಿ ತಿರುಗು."

"ನಾ ಕೂಸಿದ್ದಾಗಿಂದ ತಿರುಗ್ಲಿಕತ್ತೇನ್ರಿ. ನೀವು ಈಗ ಸುರು ಮಾಡೀರಿ."

ಮೊದಲು ಐದು ಸಲಕ್ಕೆ ಬೆವರುತ್ತಿದ್ದವಳು ಇಪ್ಪತ್ತಕ್ಕೆ ಬಂದೆ. ಹೊರಳದೆ ಎದ್ದು ಕುಳಿತ ದಿನ ಅವಳಿಗೆ ಹೇಳಲು ಬರಿಗಾಲಲ್ಲೇ ಓಣಿ ದಾಟಿದೆ. ಅವಳು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಗಂಜಿಗೆ ಮಾಲು ಬರುವುದೇ ನಿಂತು ಹಮಾಲರಿಗೆ ಕೆಲಸವಿರಲಿಲ್ಲ. ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಸಿಕ್ಕಿತ್ತು.

"ಯಾವಾಗ ಬರ್ತೀ?"

"ಮಳಿ ಬಂದ್ರ ಬರ್ತೇವ್ರಿ." ಚೀಲದ ಬಾಯಿ ಕಟ್ಟುತ್ತಾ ಅಂದಳು, "ಉಸಿರು ಹಿಡೀಬ್ಯಾಡ್ರಿ ಅಕ್ಕಾ. ನೀವು ಹಿಡೀತೀರಿ, ನನ್ನ ಬೆನ್ನಿಗೆ ತಿಳೀತದ."

ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಚೆಂಡನ್ನು ಬಲಕ್ಕೆ ಇಟ್ಟು, ನಾನೇ ಎತ್ತಿ ಎಡಕ್ಕೆ ಇಡುತ್ತಿದ್ದೆ. ಗೋಡೆ ತಣ್ಣಗಿರುತ್ತಿತ್ತು.

ಯುಗಾದಿಗೆ ಗಂಡ ಬಂದರು. ಅವರೆದುರು ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಅಡುಗೆಮನೆಯವರೆಗೆ ನಡೆದೆ. ಹಿಂದೆಯೇ ಬಂದವರು ನೆಲ ನೋಡಿದರು. ಒಂದು ಹನಿಯೂ ಚೆಲ್ಲಿರಲಿಲ್ಲ.

"ಆತು ಬಿಡು. ಇಲ್ಲೇ ಇರು," ಅಂದರು. ಮರುದಿನ ಬೆಳಗಿನ ಬಸ್ಸಿಗೆ ಹೋದರು.

ಮುಂದಿನ ಟ್ಯಾಂಕರ್ ಬಂದಾಗ ಓಣಿಯಲ್ಲಿ ಸರದಿಯೇ ಇರಲಿಲ್ಲ. ಎದುರಿನ ಕೋಣೆಯೂ ಸೇರಿ, ದುಡಿಯಲು ಊರು ಬಿಟ್ಟವರ ಐದಾರು ಮನೆಗಳಿಗೆ ಬೀಗ. ಚಾಲಕ ಪೈಪು ಹಿಡಿದು ನಿಂತೇ ಇದ್ದ.

"ಇನ್ನ ಎರಡು ಕೊಡ ತುಂಬ್ಕೋರಿ ಅಕ್ಕಾ. ಯಾರಿದ್ದಾರ ಇಲ್ಲಿ?"

ನನಗೆ ಬೇಕಾದಷ್ಟು ಆಗಲೇ ತುಂಬಿಕೊಂಡಿದ್ದೆ.