ಎಂಟು ಲಕ್ಷದಲ್ಲಿ ಎರಡು ಸಾಕೆಂದ ಪಿಗ್ಮಿ ಕಾಂತಿ

ನನ್ನ ಚಿಕ್ಕಮ್ಮನನ್ನು ಗುರುವಾಯನಕೆರೆಯಲ್ಲಿ ಯಾರೂ ಬರೀ ಕಾಂತಿ ಎನ್ನುವುದಿಲ್ಲ, ಪಿಗ್ಮಿ ಕಾಂತಿ ಎನ್ನುತ್ತಾರೆ. ಒಂದು ಸಹಕಾರಿ ಸೊಸೈಟಿಯ ಪರವಾಗಿ ಅಂಗಡಿ ಅಂಗಡಿಗೆ ಹೋಗಿ ಪಿಗ್ಮಿ ಎನ್ನುವ ದಿನದ ಉಳಿತಾಯ ಸಂಗ್ರಹಿಸುವುದು ಅವಳ ಕೆಲಸ. ಐವತ್ತೋ ನೂರೋ ಕೊಟ್ಟರೆ ಕೈಯಲ್ಲಿರುವ ಪುಟ್ಟ ಮೆಷಿನ್ ಒತ್ತಿ ಚೀಟಿ ಹರಿದು ಕೊಡುತ್ತಾಳೆ. ಸಂಬಳ ಇಲ್ಲ, ಕಮಿಷನ್ ಮಾತ್ರ. ಈ ಮಾರ್ಚ್-ಏಪ್ರಿಲ್‌ನಲ್ಲಿ ಅವಳ ಸ್ಕೂಟರಿನ ಹಿಂದೆ ಕುಳಿತು ನಾನು ನೋಡಿದ್ದು ಉಂಟಲ್ಲ, ಅದನ್ನು ಮೂಡುಬಿದಿರೆಯ ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದೇನೆ, ಆದರೂ ಬರೆಯದೆ ಸಮಾಧಾನವೇ ಇಲ್ಲ!

ಮೊದಲು ಶೋಧನ್ ಚಿಕ್ಕಪ್ಪನ ವಿಷಯ. ಅವರು ಲಾರಿ ಓಡಿಸುತ್ತಿದ್ದರು. ಘಾಟಿಯಲ್ಲಿ ಲಾರಿ ಮಗುಚಿ ಸೊಂಟ ಮುರಿದಾಗ ಮನೆಯ ದುಡ್ಡೆಲ್ಲ ಒಂದು ಸೈಟಿನಲ್ಲಿ ಸಿಕ್ಕಿಕೊಂಡಿತ್ತು. ಆಸ್ಪತ್ರೆಗೆ ಕಟ್ಟಲು ಕೈಯಲ್ಲಿ ಏನೂ ಇಲ್ಲ. ಸೈಟನ್ನು ಬಂದ ಬೆಲೆಗೆ ಮಾರಿದರು. ಅಂದಿನಿಂದ ಚಿಕ್ಕಮ್ಮನದು ಒಂದೇ ಹಠ, ಹಣ ಒಂದೇ ಕಡೆ ಇರಬಾರದು. ಆರು ತಿಂಗಳ ಮನೆಖರ್ಚು ಯಾವಾಗ ಬೇಕಾದರೂ ತೆಗೆಯುವಂತೆ ಬ್ಯಾಂಕಿನಲ್ಲಿ, ಆರೋಗ್ಯ ವಿಮೆ ಬೇರೆ, ಸ್ವಲ್ಪ ಡೆಪಾಸಿಟ್, ಮತ್ತೆ ಹದಿನೈದು ವರ್ಷ ಮುಟ್ಟುವುದೇ ಇಲ್ಲ ಎಂದು ತಿಂಗಳಿಗೆ ಎರಡು ಸಾವಿರ ಮ್ಯೂಚುವಲ್ ಫಂಡಿಗೆ. ಕೊರೋನಾ ಬಂದು ಮಾರ್ಕೆಟ್ ಬಿದ್ದಾಗಲೂ ಅವಳು ಅದನ್ನು ನಿಲ್ಲಿಸಲಿಲ್ಲ. ಆ ಎರಡು ಸಾವಿರ ಹುಟ್ಟುವುದು ಗುರುವಾಯನಕೆರೆ ಲೈನಿನ, ಅಂದರೆ ಅವಳು ದಿನಾ ಸುತ್ತುವ ಅಂಗಡಿಗಳ, ಕಮಿಷನ್ನಿನಿಂದ.

ಆ ಲೈನಿಗೇ ಕುತ್ತು ಬಂತು. ಮಾರ್ಚ್ ಮುಗಿಯುವುದರೊಳಗೆ ಹೊಸ ಡೆಪಾಸಿಟ್ ಇಷ್ಟು ಬರಬೇಕು, ಬಾರದಿದ್ದರೆ ಲೈನ್ ಬೇರೆಯವರಿಗೆ, ನಿಮಗೆ ಮುಂಡಾಜೆ ಕಡೆ ಎಂದು ಮ್ಯಾನೇಜರ್ ಹೇಳಿಬಿಟ್ಟರು. ಅಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಮಿಷನ್ ಪೆಟ್ರೋಲಿಗೇ ಮುಗಿಯುತ್ತದೆ. ತಿಂಗಳ ಕೊನೆ ಹತ್ತಿರ ಬಂದರೂ ಇನ್ನೂ ಏಳು ಲಕ್ಷ ಕಡಿಮೆ ಇತ್ತು.

ನಾನು ರಜೆಗೆ ಬಂದಿದ್ದ ಶನಿವಾರ ಅಣ್ಣು ಶೆಟ್ಟರ ಹೋಟೆಲಿಗೆ ಹೋದೆವು. ಶೆಟ್ರು ದುಡ್ಡಿನ ಗಲ್ಲೆಯಿಂದಲೇ ಕೂಗಿದರು.

"ಬಾ ಮಾರಾಯ್ತಿ! ಅಳದಂಗಡಿಯ ಜಾಗ ಮಾರಿದ್ದು ಎಂಟು ಲಕ್ಷ ಉಂಟು. ಇಡೀ ನಿನ್ನ ಸೊಸೈಟಿಗೇ, ಐದು ವರ್ಷಕ್ಕೆ ಹಾಕು. ನಿನ್ನ ಮ್ಯಾನೇಜರನ ಬಾಯಿ ಮುಚ್ಚಲಿ!"

ನಾನು ಕುಳಿತಲ್ಲೇ ಕುಣಿದುಬಿಟ್ಟೆ. ಚಿಕ್ಕಮ್ಮ ಮಾತ್ರ ಬ್ಯಾಗಿನ ಜಿಪ್ ತೆಗೆಯಲಿಲ್ಲ.

"ಇಡೀ ಬೇಡ ಶೆಟ್ರೇ. ಎರಡು ಸಾಕು."

"ಎಂತದು?"

"ಜೂನ್‌ನಲ್ಲಿ ನಿಮ್ಮ ಮಗಳು ಸುರಕ್ಷಾನ ನರ್ಸಿಂಗ್ ಫೀಸ್ ಕಟ್ಟಬೇಕಲ್ಲ?"

"ಆಗ ಡೆಪಾಸಿಟ್ ಮೇಲೆ ಲೋನ್ ತೆಗೀತೇನೆ."

"ನಿಮ್ಮದೇ ಹಣ ಒಳಗಿಟ್ಟು, ಅದರ ಮೇಲೆ ನೀವೇ ಬಡ್ಡಿ ಕಟ್ಟುವುದಾ? ಫೀಸಿಗೆ ಮೂರು ಲಕ್ಷ ಬ್ಯಾಂಕಿನಲ್ಲಿರಲಿ. ಇನ್ನು ಮೂರು ನಿಮ್ಮ ಮುದಿಪ್ರಾಯಕ್ಕೆ ಅಂತ ಸ್ವಲ್ಪ ಸ್ವಲ್ಪವೇ ಫಂಡಿಗೆ ಹೋಗಲಿ. ಅದು ಬೀಳ್ತದೆ, ಏಳ್ತದೆ, ಹತ್ತು ವರ್ಷ ತಲೆಬಿಸಿ ಮಾಡ್ಬೇಡಿ. ಸೊಸೈಟಿಗೆ ಎರಡು."

ಬನ್ಸ್ ತಿನ್ನುತ್ತಿದ್ದವರೆಲ್ಲ ಬಾಯಿ ನಿಲ್ಲಿಸಿ ಕೇಳುತ್ತಿದ್ದರು. ಶೆಟ್ಟರ ಮುಖ ಕೆಂಪಾಯಿತು.

"ಊರಿಡೀ ಟಾರ್ಗೆಟ್ ಟಾರ್ಗೆಟ್ ಅಂತ ತಿರುಗುವವಳು, ನಾನು ಕರೆದು ಕೊಟ್ಟರೆ ಬೇಡವಾ? ನನ್ನ ಹಣಕ್ಕೆ ಹುಳ ಹಿಡಿದಿದೆಯಾ?"

ಅಡುಗೆಕೋಣೆಯಿಂದ ಅವರ ಹೆಂಡತಿ ಶಶಿಪ್ರಭಾ, "ಅವಳು ಹೇಳುವುದರಲ್ಲಿ ತಪ್ಪೆಂತ ಉಂಟು?" ಎಂದರು.

"ನೀನು ಒಳಗಿರು!"

"ಒಳಗೇ ಇದ್ದೇನೆ. ನಿಮ್ಮ ಸ್ವರ ಇಲ್ಲಿಗೂ ಕೇಳ್ತದೆ."

ಯಾರೋ ನಕ್ಕರು. ಅದೇ ತಪ್ಪಾಯಿತು. ಶೆಟ್ರು ತಮ್ಮ ಪಿಗ್ಮಿ ಕಾರ್ಡನ್ನು ಮೇಜಿನ ಮೇಲೆ ಎಸೆದರು. "ನಾಳೆಯಿಂದ ಇದೂ ಬೇಡ. ಹೋಗು!"

ಹೊರಗೆ ಬಂದು ನಾನು, "ಚಿಕ್ಕಮ್ಮಾ, ಲೈನ್ ಹೋಗ್ತದೆ!" ಎಂದೆ.

"ಗೊತ್ತುಂಟು" ಎಂದಳು. ಸ್ಕೂಟರಿಗೆ ಕೀ ಹಾಕಿ ಮುಂದಿನ ಅಂಗಡಿಗೆ ಹೊರಟಳು.

ಲೈನ್ ಹೋಯಿತು. ಏಪ್ರಿಲ್‌ನಲ್ಲಿ ಶಿಶಿರ್ ಎಂಬ ಹೊಸಬ ಬಂದ. ಅವನನ್ನು ಅಂಗಡಿಯವರಿಗೆಲ್ಲ ಪರಿಚಯ ಮಾಡಿಕೊಡುವ ಕೆಲಸವೂ ಚಿಕ್ಕಮ್ಮನದೇ! ನಾನೂ ಜೊತೆಗೆ ಹೋದೆ.

ಮೊದಲು ನಿಝಾರಣ್ಣನ ಮೊಬೈಲ್ ಅಂಗಡಿ. ಎದುರಿಗೆ ನಾಲ್ಕು ಗಿರಾಕಿಗಳು ನಿಂತಿದ್ದರು. "ಇವತ್ತು ವ್ಯಾಪಾರವೇ ಇಲ್ಲ ಮಾರಾಯ" ಎಂದ ನಿಝಾರಣ್ಣ.

ಪಕ್ಕದ ಫ್ಯಾನ್ಸಿ ಅಂಗಡಿಯ ಫಾಯಿಝಾ ನಾಣ್ಯದ ಡಬ್ಬದ ಮೇಲೆ ಕೈಯಿಟ್ಟುಕೊಂಡೇ, "ಚಿಲ್ಲರೆ ಇಲ್ವಲ್ಲ" ಎಂದಳು.

ಮೂರನೆಯ ಅಂಗಡಿಯಲ್ಲಿ ಕುಡಿಯಲು ನೀರು ಕೊಟ್ಟರು, ಹಣ ಕೊಡಲಿಲ್ಲ. ನಾಲ್ಕನೆಯದರಲ್ಲೂ ನೀರೇ. ಚಿಕ್ಕಮ್ಮ ಪುನಃ ನಿಝಾರಣ್ಣನ ಹತ್ತಿರ ಓಡಿದಳು.

"ಹೀಗೆ ಮಾಡ್ಬೇಡ ನಿಝಾರ್. ಇವರು ಒಳ್ಳೆಯವರು, ಕೊಡು."

"ಒಳ್ಳೆಯವರೇ ಇರಬಹುದು ಅಕ್ಕ. ನಾನು ನಿಮ್ಮ ಸೊಸೈಟಿಯ ಬಾಗಿಲು ಸಹ ನೋಡಿಲ್ಲ. ನನಗೆ ಗೊತ್ತಿರುವುದು ನೀವು."

ಅಷ್ಟರಲ್ಲಿ ಶಿಶಿರನ ಫೋನಿಗೆ ಮ್ಯಾನೇಜರ್. ಕಲೆಕ್ಷನ್ ಎಷ್ಟಾಯಿತು? ಪಾಪ, ಅವನು ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಮ್ಯಾನೇಜರ್ ಚಿಕ್ಕಮ್ಮನಿಗೆ ಕೊಡಲು ಹೇಳಿದರು. ಅವರ ಸ್ವರ ನನಗೂ ಕೇಳಿಸುತ್ತಿತ್ತು.

"ಕೊಡ್ಬೇಡಿ ಅಂತ ಎಲ್ಲರಿಗೂ ನೀವೇ ಹೇಳಿಕೊಟ್ಟದ್ದಲ್ವಾ? ಹಾಗಿದ್ದರೆ ಮುಂಡಾಜೆಯೂ ಬೇಡ. ಸಂಜೆ ಬ್ಯಾಗ್ ತಂದಿಟ್ಟು ಮನೆಗೆ ಹೋಗಿ."

ಚಿಕ್ಕಮ್ಮ ಫೋನನ್ನು ಶಿಶಿರನಿಗೆ ವಾಪಸ್ ಕೊಟ್ಟಳು. ಉಳಿದದ್ದು ಒಂದೇ ಕಡೆ, ಅಣ್ಣು ಶೆಟ್ಟರ ಹೋಟೆಲ್. ಕಾರ್ಡ್ ಎಸೆದವರ ಹತ್ತಿರ ಎಂತ ಸಿಗುವುದು? ಆದರೂ, "ಎಲ್ಲ ಅಂಗಡಿ ತೋರಿಸ್ತೇನೆ ಅಂದಿದ್ದೇನೆ, ಹೋಗುವ" ಎಂದು ಹೊರಟಳು.

ಶೆಟ್ರು ಅವಳ ಮುಖ ನೋಡಲಿಲ್ಲ. ಶಿಶಿರನನ್ನು ಮಾತ್ರ ಮೇಲಿಂದ ಕೆಳಗೆ ನೋಡಿದರು.

"ಹೊಸಬನಾ? ನಿನ್ನ ಮ್ಯಾನೇಜರಿಗೆ ಫೋನ್ ಮಾಡು. ಸ್ಪೀಕರ್ ಹಾಕು."

ಮುಗಿಯಿತು, ಇವರೂ ದೂರು ಹೇಳುತ್ತಾರೆ ಎಂದುಕೊಂಡೆ.

"ಸಾರ್, ಅಣ್ಣು ಶೆಟ್ಟಿ ಮಾತಾಡುವುದು. ನಾನು ಎಂಟು ಲಕ್ಷ ಕೊಟ್ಟರೆ ಈ ಹೆಂಗಸು ಎರಡು ಸಾಕು ಅಂದಳು. ಬೈದು ಕಳಿಸಿದೆ. ಅವತ್ತಿನಿಂದ ಮನೆಯಲ್ಲಿ ನನಗೆ ಸರಿ ಒಂದು ಊಟ ಇಲ್ಲ."

ಒಳಗಿನಿಂದ ಪಾತ್ರೆ ಢಣ್ಣೆಂದಿತು.

"ಕೇಳಿತಲ್ಲ? ಹಾಗಾಗಿ ಇವಳು ಹೇಳಿದಂತೆಯೇ ಮಗಳ ಫೀಸಿನದ್ದು ಬ್ಯಾಂಕಿಗೆ ಹಾಕಿ ಆಯ್ತು, ಫಂಡಿನದ್ದೂ ಶುರುವಾಯ್ತು. ಉಳಿದ ಎರಡು ನಿಮಗೇ. ಆದರೆ ತನ್ನ ಲೈನ್ ಹೋದರೂ ಅಡ್ಡಿಯಿಲ್ಲ ಅಂತ ನನ್ನ ಮಗಳ ಫೀಸ್ ನೋಡಿದವಳು ಇವಳು. ಇವಳ ಕೈಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ. ಈ ರೋಡಿನವರು ಯಾರೂ ಕೊಡುವುದಿಲ್ಲ. ಇವಳು ಹೇಳಿಕೊಟ್ಟದ್ದು ಅಂತ ಎಣಿಸ್ಬೇಡಿ, ಕೊಡ್ಬೇಡಿ ಅಂತ ಎಲ್ಲರಿಗೂ ಹೇಳಿದ್ದು ನಾನು!"

ನಾನು ಚಿಕ್ಕಮ್ಮನ ಸೀರೆಯ ಸೆರಗು ಹಿಡಿದಿದ್ದೆ. ಆಗ ಶಿಶಿರ್ ಮೆಲ್ಲಗೆ ಫೋನಿನತ್ತ ಬಾಗಿದ.

"ಸರ್, ನನಗೆ ಬೆಳಿಗ್ಗೆಯಿಂದ ಸಿಕ್ಕಿದ್ದು ನೀರು ಮಾತ್ರ. ನನ್ನ ಮನೆ ಮುಂಡಾಜೆಯಲ್ಲೇ ಉಂಟು. ಆ ಲೈನ್ ನಾನು ನೋಡ್ತೇನೆ."

ಕೊನೆಗೆ ಮ್ಯಾನೇಜರ ಸ್ವರ ಬಂತು.

"ಆಯ್ತು. ಮೆಷಿನ್ ಅವರಿಗೇ ಕೊಡಿ. ಆದರೆ ಮುಂದಿನ ಮಾರ್ಚ್‌ಗೆ..."

ಶೆಟ್ರು ಫೋನ್ ಕಟ್ ಮಾಡಿದರು. ನಾನು ಕಿರುಚಿದ್ದಕ್ಕೆ ಬನ್ಸ್ ತಿನ್ನುತ್ತಿದ್ದ ಅಜ್ಜ ಬೆಚ್ಚಿಬಿದ್ದರು!

ಶೆಟ್ರು ಗಲ್ಲೆಯಿಂದ ಐನೂರರ ನೋಟು ತೆಗೆದು ಚಾಚಿದರು. "ಇಡೀ ಬರಿ. ಇಷ್ಟು ದಿನದ್ದು ಬಾಕಿ ಉಂಟಲ್ಲ."

ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿ ನೋಟು ತೆಗೆದುಕೊಂಡಳು. ಮೆಷಿನ್ ಕಿರ್ರೆಂದಿತು. ಚೀಟಿಯ ಜೊತೆಗೆ ನೂರರ ನಾಲ್ಕು ನೋಟುಗಳನ್ನು ಅವರ ಎದುರು ಇಟ್ಟಳು.

"ನಿಮ್ಮದು ದಿನಕ್ಕೆ ನೂರಲ್ವಾ ಶೆಟ್ರೇ? ಇದು ಗಲ್ಲೆಯಲ್ಲಿರಲಿ. ಸಂಜೆ ಹಾಲಿನವನಿಗೆ ಕೊಡ್ಬೇಕು."

ಶೆಟ್ರು ನೋಟುಗಳನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು, ಅಡುಗೆಕೋಣೆಯತ್ತ ತಿರುಗಿ ಕೂಗಿದರು.

"ಶಶೀ, ಇವಳು ಪುನಃ ಶುರು ಮಾಡಿದಳು ಮಾರಾಯ್ತಿ!"